ಬಾರೂದು ನಮ್ಮೂರಿಗೆ ಬಂದ ದಾರಿ

“ಬಾರೂದು ಎಂಬುದು ಸಿಪಾಯಿಗಳ ಬಂದೂಕಿನೊಂದಿಗೆ ನಮ್ಮ ಸೀಮೆಗೆ ಬಂದ ಫಾರ್ಸಿ ಮಾತು” ಎಂದು ಓದಿದವರು ಹೇಳುತ್ತಾರೆ. ಫಾರ್ಸಿ ಎಂಬುದನ್ನು ಒಪ್ಪುತ್ತೇನೆ. ನಮ್ಮೂರಿಗೆ ಸಿಪಾಯಿ ತಂದನೆಂಬುದನ್ನು ಒಪ್ಪಲಾರೆ. ಈಗಲೂ ಪಟಾಕಿಯ ಹೊಗೆ ಮೂಗಿಗೆ ಬಡಿದರೆ ಕಕ್ಕೇರಾದ ನಮ್ಮ ಹೊಲದ ಬಾವಿಯೇ ಕಣ್ಣಿಗೆ ಬರುತ್ತದೆ.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ, ಬಾವಿ ತೋಡುವ ದ್ಯಾವಪ್ಪ ಕಾಕಾ ತಳದ ಬಂಡೆಯಲ್ಲಿ ಕೊರೆದ ನಾಲ್ಕು ಕುಳಿಗಳಿಗೆ ಬಾರೂದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು ಮೇಲೇರಿ ಬಂದ. ಎಲ್ಲರೂ ಬೇವಿನ ಮರದ ಹಿಂದೆ ಕುಳಿತೆವು. ಸದ್ದು ಎಣಿಸುವುದು ಅವನ ಅಜ್ಜಿ ಯಂಕವ್ವನ ಕೆಲಸ. ನಾಲ್ಕು ಹುಣಸೆ ಬೀಜ ಹಿಡಿದು, ಸದ್ದಿಗೊಂದರಂತೆ ನೆಲಕ್ಕಿಡುತ್ತಿದ್ದಳು.

ಸದ್ದು ನಿಂತಿತು. ಕಾಕಾ ಇಳಿಯಲೆಂದು ಹಗ್ಗ ಹಿಡಿದ.

“ಕುಂದ್ರೋ, ಮೂರೇ ಆಗ್ಯಾವ,” ಎಂದಳು ಯಂಕವ್ವ.

“ಎರಡು ಕೂಡಿ ಹಾರ್ಯಾವ, ಆಯಿ. ನಿನ್ನ ಕಿವಿ ಮಂದ ಆಗ್ಯಾವ.”

“ಬೀಜಕ್ಕ ಕಿವಿ ಅದಾವೇನು? ನಮ್ಮವ್ವ ನನಗ ಬಾರೂದು ಅನ್ನೋ ಮಾತು ಕಲಿಸಿದ ದಿನಾನೇ ಎಣಿಸೋದೂ ಕಲಿಸ್ಯಾಳ. ಕುಂದ್ರು!”

ಕಾಕಾ ಗೊಣಗುತ್ತ ಕುಳಿತ, ಎದ್ದ, ಮತ್ತೆ ಕುಳಿತ. ಬಿಸಿಲಿಗೆ ಕಾದ ಹಗ್ಗವನ್ನು ಕೈಯಿಂದ ಬಿಡಲೇ ಇಲ್ಲ. ನಾನು ಯಂಕವ್ವನ ಮುಚ್ಚಿದ ಮುಷ್ಟಿಯನ್ನೇ ನೋಡುತ್ತಿದ್ದೆ.

ಬಾವಿ ಗುಡುಗಿತು. ಕಲ್ಲಿನ ಚೂರುಗಳು ಬೇವಿನ ಎಲೆಗಳ ನಡುವೆ ಉದುರಿದವು. ಯಂಕವ್ವ ನಾಲ್ಕನೆಯ ಬೀಜವನ್ನು ನೆಲಕ್ಕಿಟ್ಟಳು.

ದ್ಯಾವಪ್ಪ ಕಾಕಾ ಇನ್ನೂ ಇದ್ದಾನೆ. ಬಾರೂದು ಎಂಬ ಮಾತು ನಮ್ಮೂರಿಗೆ ಬಂದದ್ದು ಬಾವಿ ತೋಡುವವರ ಮನೆಯ ಅವ್ವಂದಿರ ಬಾಯಿಂದ; ಸಂಶಯವಿದ್ದವರು ಕಕ್ಕೇರಾಕ್ಕೆ ಹೋಗಿ, ಆ ಮಾತನ್ನು ಯಾರಿಂದ ಕಲಿತೆಯೆಂದು ಅವನನ್ನೇ ಕೇಳಬಹುದು.