ಅಜ್ಜಿಯ ಸೊನ್ನೆಯೊಳಗಿನ ಚುಕ್ಕಿ

ಮಾರ್ಕರ್ ಪೆನ್ನಿನ ಘಾಟು ಬಡಿದರೆ ಈಗಲೂ ನ್ಯೂಜೆರ್ಸಿಯ ಆ ಆಸ್ಪತ್ರೆಯ ಮಧ್ಯಾಹ್ನಕ್ಕೆ ಹೋಗಿಬಿಡುತ್ತೇನೆ.

ಬ್ಯಾಂಕುಗಳು ಮುಳುಗುತ್ತಿದ್ದ ವರ್ಷ ಅದು. ಸಣ್ಣ ನೆಗಡಿಯನ್ನೂ ತಡೆಯುವ ಶಕ್ತಿಯಿಲ್ಲದೆ ಹುಟ್ಟಿದ ನನ್ನ ತಮ್ಮ ಗಾಜಿನಾಚೆ ಮಲಗಿದ್ದ. ಡಾಕ್ಟರ್ ಮಾರ್ಕರಿನಿಂದ ಹಾಳೆಯ ಮೇಲೆ ನಮ್ಮ ವಂಶವೃಕ್ಷವನ್ನು ಬರೆಯುತ್ತಿದ್ದರು: ಹೆಣ್ಣಿಗೆ ಸೊನ್ನೆ, ಗಂಡಿಗೆ ಚೌಕ. ಅಮ್ಮ ತನಗೆ ಒಡಹುಟ್ಟಿದವರಿಲ್ಲ ಎಂದಳು.

ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಜ್ಜಿ ಹಾಗಲ್ಲವೆಂದು ತಲೆಯಾಡಿಸಿದಳು. "ನಿನಗಿಂತ ಮುಂಚೆ ಮೂರು ಗಂಡು ಕಣೇ. ಒಂದಕ್ಕೂ ವರ್ಷ ತುಂಬ್ಲಿಲ್ಲ. ಓರಗಿತ್ತಿ ಕಣ್ಣು ಬಿತ್ತು ಅಂತ ಅವಳ ಜೊತೆ ಮಾತೇ ಬಿಟ್ಟೆ."

ಅಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕೇಳಿಯೇ ಇರದ ಮೂವರು ಮಾವಂದಿರು ಕಪ್ಪು ಚೌಕಗಳಾಗಿ ಹಾಳೆಗಿಳಿದರು. ಡಾಕ್ಟರ್ ಅಜ್ಜಿಯ ಸೊನ್ನೆಗೊಂದು, ಅಮ್ಮನ ಸೊನ್ನೆಗೊಂದು ಚುಕ್ಕಿಯಿಟ್ಟು, ಇದು ತಾಯಿಯ ಜೀನಿನಲ್ಲಿ ಅಡಗಿದ್ದು ಗಂಡುಮಕ್ಕಳಲ್ಲಿ ಕಾಣಿಸುವ ಕಾಯಿಲೆ ಎಂದರು. ನನ್ನ ಸೊನ್ನೆ ಇನ್ನೂ ಖಾಲಿಯಿತ್ತು.

ಅಜ್ಜಿ ತನ್ನ ಚುಕ್ಕಿಯನ್ನು ಬೆರಳಿನಿಂದ ಮುಟ್ಟಿದಳು.

"ಓರಗಿತ್ತಿಗೊಂದು ಫೋನ್ ಮಾಡ್ಕೊಡೇ," ಎಂದಳು.