ಆರುವ ಮುನ್ನ ತೆರೆದ ಆವಿಗೆ

"ಆವಿಗೆ ಆರೋ ಮುಂಚೆ ಬಾಗಿಲು ತೆಗೆದ ಪುಣ್ಯಾತ್ಮರು ಯಾರು?" ಎಂದು ಕುಂಬಾರಿಕೆ ಕಾರ್ಖಾನೆಯ ಯಜಮಾನಿ ಕೇಳಿದಾಗ, ಮಡಕೆ ಸುಡುವ ಆ ಗೂಡಿನ ಬಿಸಿಯಲ್ಲೇ ತಣ್ಣನೆಯ ಗಾಳಿ ತಾಗಿದ ಹೂಜಿಗಳೆಲ್ಲ ಆಕೆಯ ಮುಂದೆ ಬಿರುಕುಬಿಟ್ಟು ಕುಳಿತಿದ್ದವು. "ಯಾರೇ ಆಗ್ಲಿ, ಈಗ್ಲೇ ಗಂಟುಮೂಟೆ ಕಟ್ಲಿ."

"ನಾನೇ ಅಮ್ಮಾ," ಎಂದಳು, ತಮ್ಮನೊಡನೆ ಅಲ್ಲೇ ಕೆಲಸಕ್ಕಿದ್ದ ಅಕ್ಕ.

ಬಣ್ಣ ಹೇಗೆ ಬಂದಿದೆಯೆಂದು ಇಣುಕುವ ಆತುರದಲ್ಲಿ ಬಾಗಿಲು ತೆರೆದವನು ತಮ್ಮ. ಅಕ್ಕನಿಗೆ ಅದು ಗೊತ್ತಿತ್ತು. ಅಪ್ಪ ಬೆಲ್ಟು ಬಿಚ್ಚಿದಾಗಲೂ, ಮೇಷ್ಟ್ರು ಬೆತ್ತ ಎತ್ತಿದಾಗಲೂ ಅವನ ತಪ್ಪಿಗೆ ಕೈಯೊಡ್ಡಿದವಳು ಅವಳೇ ಎಂದು ಅವರನ್ನು ಬಲ್ಲವರು ಹೇಳುತ್ತಾರೆ. ಹಾಗೆ ಅವಳು ಮುಂದೆ ನಿಲ್ಲುವುದನ್ನು ಕಲಿತಳು. ಅವನು ಅವಳ ಬೆನ್ನ ಹಿಂದೆ ಉಸಿರು ಬಿಗಿಹಿಡಿಯುವುದನ್ನು ಕಲಿತನು. ಮೀಸೆ ಬಂದ ಮೇಲೂ ಆ ಪಾಠ ಮರೆತಿರಲಿಲ್ಲ.

ಯಜಮಾನಿ ಹೊರಗಿನ ದಾರಿ ತೋರಿಸಿದಳು. ಅಕ್ಕ ಸೊಂಟಕ್ಕೆ ಕಟ್ಟಿದ್ದ ಮಣ್ಣುಮೆತ್ತಿದ ಬಟ್ಟೆಯ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿದುಕೊಂಡಿತ್ತು. ತಮ್ಮ ಆ ಬೆರಳುಗಳನ್ನೇ ನೋಡುತ್ತಿದ್ದ. ಹಿಂದೊಮ್ಮೆ ಬೆತ್ತದ ಏಟಿಗೆ ಮುರಿದು ಸೊಟ್ಟಗೇ ಕೂಡಿಕೊಂಡಿದ್ದ ಕಿರುಬೆರಳು ಗಂಟಿನ ಮೇಲಿಂದ ಮತ್ತೆ ಮತ್ತೆ ಜಾರುತ್ತಿತ್ತು.

"ಅವಳಲ್ಲ. ನಾನು ತೆಗೆದಿದ್ದು," ಎಂದ.

"ಬಾಯ್ಮುಚ್ಚೋ! ಅವನಿಗೇನೂ ತಿಳಿಯಲ್ಲ ಅಮ್ಮಾ," ಎಂದು ಅಕ್ಕ ಗದರಿದಳು.

ಯಜಮಾನಿ ಅವಳತ್ತ ತಿರುಗಿದಳು. "ಹಾಗಾದ್ರೆ ನೀನ್ಯಾಕೆ ಒಪ್ಕೊಂಡೆ?"

ಅಪ್ಪನಾಗಲಿ ಮೇಷ್ಟ್ರಾಗಲಿ ಎಂದೂ ಹಾಗೆ ಕೇಳಿರಲಿಲ್ಲ. ಅಕ್ಕನ ಬೆರಳುಗಳು ಗಂಟಿನ ಮೇಲೇ ನಿಂತವು.