ತೂಗಿ ಕೊಟ್ಟ ಊಟ

ತರಬೇತಿಯ ಹೊತ್ತಿನಲ್ಲಿ ಸೈನಿಕರಿಗೆ ಎಷ್ಟು ಆಹಾರ ಬೇಕೆಂದು ಲೆಕ್ಕಹಾಕಲು ಡಾಕ್ಟರು ಎಲ್ಲರಿಗೂ ಊಟವನ್ನು ತೂಗಿ ಕೊಡಿಸುತ್ತಿದ್ದರು. ಯಮನೂರನಿಗೆ ಅದು ಸಾಲುತ್ತಿರಲಿಲ್ಲ.

"ಹೊಟ್ಟಿ ತುಂಬವಲ್ದೋ ದೋಸ್ತ" ಎಂದು ಅವನು ಅತ್ತ ದಿನದಿಂದ, ಪಕ್ಕದ ಮಂಚದ ಫಕೀರೇಶ ತನ್ನ ಚಪಾತಿಗಳನ್ನು ಗುಟ್ಟಾಗಿ ಅವನಿಗೆ ಕೊಡುತ್ತಿದ್ದ.

ಒಂದು ಬೆಳಿಗ್ಗೆ ಓಡುವಾಗ ಫಕೀರೇಶ ಕುಸಿದು ಬಿದ್ದ.

"ಕೊಟ್ಟ ಊಟ ಎಲ್ಲಿ ಹೋಯ್ತು?" ಡಾಕ್ಟರು ಗದರಿದರು. "ನನ್ನ ಲೆಕ್ಕ ಕೆಡಿಸಿದವನನ್ನು ಮನೆಗೆ ಕಳಿಸ್ತೀನಿ."

ಹೇಳಿದರೆ ಗೆಳೆಯನ ನೌಕರಿ ಹೋಗುತ್ತದೆಂದು ಫಕೀರೇಶ ಬಾಯಿ ಬಿಡಲಿಲ್ಲ.

ಡಾಕ್ಟರು ಯಮನೂರನತ್ತ ತಿರುಗಿದರು. "ನಿನಗೇನಾದರೂ ಗೊತ್ತಾ?"

ಯಮನೂರ ಎದೆ ಸೆಟೆಸಿ ನಿಂತ.

"ದಿನಾ ಗಟಾರಕ್ಕ ಚೆಲ್ತಾನ್ರಿ ಸಾಹೇಬ್ರ. ನಾನ ಕಣ್ಣಾರೆ ನೋಡೇನ್ರಿ."